ವೈಫೈ ಒಪ್ಪದ ಸಂಸಾರ

ಜುಲೈ ತಿಂಗಳು ಬಂತೆಂದರೆ ನನಗೂ ನನ್ನ ಗಂಡನಿಗೂ ಹುಚ್ಚು ಹಿಡಿಯುತ್ತದೆ. ಫ್ರಾನ್ಸ್ ದೇಶವನ್ನು ಮೂರು ವಾರ ಸುತ್ತುವ ಸೈಕಲ್ ಓಟದ ಹುಚ್ಚು. ನಾನು ರಿಯಾದಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮಲಾಜ್‌ನ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ನನ್ನ ಮನೆ. ಅವರು ಹಾಯಿಲ್‌ನ ಹೊರಗೆ ದೊಡ್ಡದೊಂದು ಆಲೂಗಡ್ಡೆ ತೋಟದಲ್ಲಿ ನೀರಿನ ಪಂಪುಗಳ ಮೆಕ್ಯಾನಿಕ್. ನಡುವೆ ಆರುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ನನ್ನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ನನ್ನ ಆಸ್ಪತ್ರೆಯದ್ದು, ಅವರ ಇಕಾಮಾ ಅವರನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನದ್ದು. ಮದುವೆಯಾಗಿ ಹದಿನಾಲ್ಕು ವರ್ಷ, ಅದರಲ್ಲಿ ಎಂಟು ವರ್ಷ ಹೀಗೇ ಕಳೆದಿದೆ. ಮಕ್ಕಳಾಗಲಿಲ್ಲ; ಊರಿನಲ್ಲಿ ಕೇಳುವವರು ಕೇಳಿ ಕೇಳಿ ಸುಸ್ತಾಗಿ ಈಗ ಬಿಟ್ಟಿದ್ದಾರೆ.

ಮೂರು-ನಾಲ್ಕು ತಿಂಗಳಿಗೊಮ್ಮೆ ರಜೆ ಹೊಂದಿಸಿಕೊಂಡು ಅವರು ಬಸ್ಸಿನಲ್ಲಿ ಬರುತ್ತಾರೆ. ಉಳಿದ ದಿನ ಫೋನು. ಫೋನಿನಲ್ಲಿ ಗಂಡ ಹೆಂಡತಿ ಎಷ್ಟು ಮಾತಾಡಲು ಸಾಧ್ಯ ಹೇಳಿ? ಊಟ ಆಯ್ತಾ, ಆಯ್ತು. ಬಿಸಿಲು ಉಂಟಾ, ಉಂಟು. ಸೌದಿಯಲ್ಲಿ ಬಿಸಿಲು ಇಲ್ಲದೆ ಮತ್ತೆಂತ ಮಂಜು ಬೀಳುತ್ತದೆಯೇ! ಹೀಗಿರುವಾಗ ಸೈಕಲ್ ಓಟ ನಮ್ಮನ್ನು ಉಳಿಸಿತು. ಮೇ ತಿಂಗಳಲ್ಲಿ ಇಟಲಿ, ಜುಲೈಯಲ್ಲಿ ಫ್ರಾನ್ಸ್, ಮಳೆಗಾಲ ಮುಗಿಯುವ ಹೊತ್ತಿಗೆ ಸ್ಪೇನ್. ನನ್ನ ಬೆಳಗಿನ ಪಾಳಿ ಮುಗಿದಿರುತ್ತದೆ, ತೋಟದವರ ಕೆಲಸ ಬೇಸಗೆಯಲ್ಲಿ ಮಧ್ಯಾಹ್ನಕ್ಕೇ ನಿಲ್ಲುತ್ತದೆ. ನಾನು ಇಲ್ಲಿ ಟಿ.ವಿ. ಹಾಕಿ, ಅವರು ಅಲ್ಲಿ ಫೋನಿನಲ್ಲಿ ಅದೇ ಓಟ ಹಾಕಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂರು ಗಂಟೆ ಕೂರುತ್ತಿದ್ದೆವು. ಅದೇ ನಮ್ಮ ಸಂಸಾರ. ಆ ಮೂರು ಗಂಟೆ ಹೋದರೆ ನಮ್ಮ ನಡುವೆ ಉಳಿಯುವುದು ಬಿಸಿಲಿನ ಸುದ್ದಿ ಮಾತ್ರ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾವು ಮನೆಯಲ್ಲಿ ಆಡುವುದು ಕೊಂಕಣಿ. ಕನ್ನಡದಲ್ಲಿ ಬರೆಯುವಾಗ ನನ್ನ ಬೈಗುಳದ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಸುಧಾರಿಸಿಕೊಳ್ಳಿ.

ಅವರು ಕಾಲೇಜಿನಲ್ಲಿದ್ದಾಗ ಬಾಡಿಗೆ ಸೈಕಲಿನಲ್ಲಿ ಓಟ ಗೆದ್ದು ಒಂದು ಸ್ಟೀಲು ಕೊಳದಪ್ಪಲೆ ಬಹುಮಾನ ಪಡೆದವರು. ಅವರಿಗೆ ಗೆಲ್ಲುವವನಲ್ಲಿ ಆಸಕ್ತಿಯೇ ಇಲ್ಲ. ಹಿಂದೆ ಬರುವ ತಂಡದ ಕಾರಿಗೆ ಹೋಗಿ ಅಂಗಿಯೊಳಗೆಲ್ಲ ನೀರಿನ ಬಾಟಲಿ ತುಂಬಿಕೊಂಡು ಮುಂದಿನವರಿಗೆ ತಂದುಕೊಡುವ ಆಳು ಸವಾರ ಇರುತ್ತಾನಲ್ಲ, ಅವನೇ ಇವರ ದೇವರು. "ನೋಡು ಮಾರಾಯ್ತಿ, ಎಂಟು ಬಾಟ್ಲಿ! ಇವ ಇಲ್ಲದಿದ್ರೆ ಆ ಹಳದಿ ಅಂಗಿಯವ ಎಲ್ಲಿಗೆ ಹೋಗ್ತಿದ್ದ?" ನನ್ನ ಆಸಕ್ತಿ ಬೇರೆ. ಆ ಸವಾರರ ಮೀನಖಂಡದ ಮೇಲೆ ಎದ್ದು ನಿಂತ ನರಗಳನ್ನು ನೋಡಬೇಕು ನೀವು! ಕಣ್ಣು ಮುಚ್ಚಿ ಸೂಜಿ ಚುಚ್ಚಬಹುದು. ದಿನವಿಡೀ ಸಕ್ಕರೆ ಕಾಯಿಲೆಯ ಅಜ್ಜಿಯಂದಿರ ಕೈಯಲ್ಲಿ ನರ ಹುಡುಕಿ ಬಂದವಳಿಗೆ ಅದು ಸ್ವರ್ಗ.

ಆದರೆ ಈ ಸ್ವರ್ಗಕ್ಕೆ ಬಾಗಿಲು ಎಲ್ಲಿ? ಇದೇ ನನ್ನ ಎಂಟು ವರ್ಷದ ಮಂಡೆಬಿಸಿ. ಯುರೋಪಿನ ಒಂದು ಆ್ಯಪ್‌ನಲ್ಲಿ ಎಲ್ಲ ಓಟಗಳೂ ಬರುತ್ತವೆ, ಬೆಲೆಯೂ ಕಡಿಮೆ. ತೆರೆದರೆ "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಎನ್ನುತ್ತದೆ. ಇಲ್ಲಿ ಲಭ್ಯವಿರುವ ಕಂಪನಿಯವರ ಹತ್ತಿರ ಸೈಕಲ್ ಮಾತ್ರ ಕೊಡಿ ಎಂದರೆ ಕೊಡುವುದಿಲ್ಲ. ಫುಟ್‌ಬಾಲು, ಕಾರು ಓಟ, ಕುದುರೆ ಓಟ, ಗುದ್ದಾಟ, ಎಲ್ಲ ಸೇರಿಸಿ ಇಡೀ ವರ್ಷಕ್ಕೆ ತೆಗೆದುಕೊಳ್ಳಬೇಕು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೇಳಿದವಳಿಗೆ ಇಡೀ ತರಕಾರಿ ಅಂಗಡಿ ಕಟ್ಟಿಕೊಡುವ ವ್ಯಾಪಾರ!

ಮೊದಲ ಎರಡು ವರ್ಷ ಕಳ್ಳದಾರಿಯಲ್ಲಿ ನೋಡಿದೆವು. ಯಾರೋ ಪುಣ್ಯಾತ್ಮರು ಹಾಕುವ ಲಿಂಕುಗಳು. ಅಲ್ಲಿ ಬೆಟ್ಟ ಹತ್ತುವ ಸವಾರನ ಮುಖದ ಮೇಲೆ ಸರಿಯಾಗಿ ಅರೆಬೆತ್ತಲೆ ಹೆಂಗಸೊಬ್ಬಳು ಕುಣಿಯುತ್ತಾ ಬರುತ್ತಾಳೆ. ಅವಳನ್ನು ಮುಚ್ಚಲು ಒತ್ತಿದರೆ ಅವಳ ತಂಗಿ ಬರುತ್ತಾಳೆ. ಒಮ್ಮೆ ಆಸ್ಪತ್ರೆಯ ಊಟದ ಕೋಣೆಯಲ್ಲಿ ಫೋನಿನಲ್ಲಿ ನೋಡುತ್ತಿದ್ದಾಗ ಅಕ್ಕತಂಗಿಯರು ಇಬ್ಬರೂ ಒಟ್ಟಿಗೆ ಬಂದರು, ಹಿಂದೆ ನಮ್ಮ ಮೇಟ್ರನ್ ನಿಂತಿದ್ದಳು. ಆ ದಿನದಿಂದ ಕಳ್ಳದಾರಿ ಬಿಟ್ಟೆ. ಪಾಪನಿವೇದನೆಗೆ ಇಲ್ಲಿ ಇಗರ್ಜಿಯಿಲ್ಲ, ಊರಿಗೆ ಹೋದಾಗ ಪಾದ್ರಿಗಳಿಗೆ ಹೇಳಿದೆ. ಅವರಿಗೆ ಪಾಪ ಯಾವುದು, ಸೈಕಲ್ ಯಾವುದು ಎಂದು ಕೊನೆಯವರೆಗೂ ತಿಳಿಯಲಿಲ್ಲ.

ಅದರ ಮರುವರ್ಷ ಉಡುಪಿಯಲ್ಲಿರುವ ನನ್ನ ತಮ್ಮನನ್ನು ಹಿಡಿದೆ. ಊರಿನ ಟಿ.ವಿ.ಯಲ್ಲಿ ಓಟ ಬರುತ್ತಿತ್ತು. ನಾವು ಗಲ್ಫಿನವರು ಮದುವೆ, ನಾಮಕರಣ, ಸಾವು ಎಲ್ಲವನ್ನೂ ಯಾರೋ ಹಿಡಿದ ಫೋನಿನಲ್ಲಿ ನೋಡಿ ಅಭ್ಯಾಸವಿರುವವರು. ಸೈಕಲ್ ಯಾಕೆ ಆಗಬಾರದು? ಅವನು ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಟಿ.ವಿ.ಯತ್ತ ತಿರುಗಿಸಿ ಇಟ್ಟ. ಮೊದಲ ದಿನ ಅರ್ಧ ಗಂಟೆ ಚೆಂದ ಕಂಡಿತು. ಆಮೇಲೆ ಅವನ ಹೆಂಡತಿ ಟಿ.ವಿ. ಎದುರು ನಿಂತು ಬಟ್ಟೆ ಮಡಚಿದಳು. ಎರಡನೇ ದಿನ ಅಲ್ಲಿ ಕರೆಂಟು ಹೋಯಿತು. ಮೂರನೇ ದಿನ ಕೊನೆಯ ಐದು ಕಿಲೋಮೀಟರು ಇರುವಾಗ ಅವನು ಚಾನೆಲ್ಲನ್ನೇ ಬದಲಿಸಿದ.

"ಹೋಯ್! ಎಂತ ಮಾಡಿದ್ದು ನೀನು?" ಎಂದು ಕಿರುಚಿದೆ.

"ಅಕ್ಕಾ, ಕ್ರಿಕೆಟಿನ ಸ್ಕೋರ್ ನೋಡುದು ಬೇಡ್ವಾ? ನಿನ್ನ ಸೈಕಲಿನವ್ರು ಎಲ್ಲಿಗೂ ಓಡಿಹೋಗುದಿಲ್ಲ."

"ಓಡಿಹೋಗುದೇ ಅವ್ರ ಕೆಲ್ಸ, ಮಂಗ!" ಎಂದೆ. ಅಲ್ಲಿಗೆ ಅವನ ಪ್ರಸಾರ ಸೇವೆ ಮುಗಿಯಿತು.

ಕೊನೆಗೆ ಇಡೀ ತರಕಾರಿ ಅಂಗಡಿಯನ್ನೇ ಕೊಂಡುಕೊಂಡೆ. ವರ್ಷದ ಚಂದಾ ಕಟ್ಟುವಾಗ ಹೊಟ್ಟೆ ಉರಿಯಿತು, ಆದರೆ ಒಂದು ಖಾತೆಯಲ್ಲಿ ಇಬ್ಬರು ನೋಡಬಹುದಿತ್ತು. ಟಿ.ವಿ.ಯಲ್ಲಿ ನಾನು, ಫೋನಿನಲ್ಲಿ ಅವರು. ಒಂದೇ ತೊಂದರೆ, ನನ್ನ ಚಿತ್ರ ಅವರ ಚಿತ್ರಕ್ಕಿಂತ ಅರ್ಧ ನಿಮಿಷ ಮುಂದೆ. ಮಲಾಜ್‌ನಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡವನು ಹಾಯಿಲ್‌ನಲ್ಲಿ ಇನ್ನೂ ನಗುನಗುತ್ತಾ ತುಳಿಯುತ್ತಿರುತ್ತಾನೆ. ನಾನೋ ಬಾಯಿ ಬಿಗಿಹಿಡಿಯುವ ಜಾತಿಯಲ್ಲ. "ಅಯ್ಯೋ ದೇವ್ರೇ!" ಎಂದುಬಿಡುತ್ತೇನೆ. "ಯಾರು ಬಿದ್ದದ್ದು? ಬೇಡ, ಹೇಳ್ಬೇಡ. ನಮ್ಮವನಾ? ಹೇಳ್ಬೇಡ ಅಂದೆ ಅಲ್ವಾ!" ಎಂದು ಅತ್ತಲಿಂದ ಗಲಾಟೆ. ಹೀಗೆ ಜಗಳವಾಡುತ್ತಾ ಕೆಲವು ವರ್ಷ ಬಹಳ ಸುಖವಾಗಿದ್ದೆವು.

ಹೋದ ಜುಲೈಯ ಮೊದಲ ವಾರ ಅವರ ಫೋನಿನಲ್ಲಿ ಒಂದು ಬರಹ ಬಂತು. ಈ ಖಾತೆ ಒಂದು ಮನೆಗೆ ಮಾತ್ರ ಸೇರಿದ್ದು, ನೀವು ಆ ಮನೆಯವರಲ್ಲ ಎಂದು ತೋರುತ್ತದೆ, ಸ್ವಂತ ಖಾತೆ ಕೊಂಡುಕೊಳ್ಳಿ.

"ನಾನು ನಿನ್ನ ಮನೆಯವ ಅಲ್ಲ ಅಂತೆ," ಎಂದು ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಇನ್ನೊಂದು ಖಾತೆಯೆಂದರೆ ಇನ್ನೊಂದು ವರ್ಷದ ಫುಟ್‌ಬಾಲು, ಕುದುರೆ, ಗುದ್ದಾಟ. ಮೊದಲಿಗೆ ದುಡ್ಡಿನ ಸಂಕಟ. ಐದು ನಿಮಿಷ ಕಳೆದ ಮೇಲೆ ಅದು ದುಡ್ಡಾಗಿ ಉಳಿಯಲಿಲ್ಲ. ನನ್ನ ಗಂಡ ನನ್ನ ಮನೆಯವರಲ್ಲ ಎಂದು ಹೇಳಲು ಈ ಆ್ಯಪ್ ಯಾರು? ಇದರ ಅಪ್ಪ ಯಾರು? ಗ್ರಾಹಕ ಸೇವೆಯ ಚಾಟ್ ತೆರೆದೆ.

ಗಲ್ಫಿನಲ್ಲಿ ಬದುಕಿದವರಿಗೆ ಒಂದು ರೋಗ ಹತ್ತಿಕೊಂಡಿರುತ್ತದೆ. ಯಾರೇ ಏನೇ ಪ್ರಶ್ನೆ ಕೇಳಲಿ, ಕೈ ತಾನಾಗಿ ದಾಖಲೆಯ ಫೈಲಿಗೆ ಹೋಗುತ್ತದೆ. ನನ್ನ ಹತ್ತಿರ ಇಗರ್ಜಿಯ ಮದುವೆ ಸರ್ಟಿಫಿಕೇಟು ಇದೆ. ಅದರ ಬೆನ್ನಿಗೆ ಬೆಂಗಳೂರಿನ ಮುದ್ರೆ, ದೆಹಲಿಯ ಮುದ್ರೆ, ರಾಯಭಾರ ಕಚೇರಿಯ ಮುದ್ರೆ, ಕಾಗದದಲ್ಲಿ ಇನ್ನು ಇರುವೆ ನಿಲ್ಲಲು ಜಾಗವಿಲ್ಲ. ಅದರ ಎರಡೂ ಬದಿ, ಅದರ ಅರಬ್ಬಿ ಅನುವಾದ, ಇಬ್ಬರ ಇಕಾಮಾ, ಪಾಸ್‌ಪೋರ್ಟಿನಲ್ಲಿ ಪರಸ್ಪರರ ಹೆಸರಿರುವ ಪುಟ, ಸಾಲದ್ದಕ್ಕೆ ಬಿಳಿ ಹಿನ್ನೆಲೆಯ ಎರಡೆರಡು ಫೋಟೊ, ಎಲ್ಲ ಸ್ಕ್ಯಾನ್ ಮಾಡಿ ಒಂದೊಂದಾಗಿ ಕಳಿಸಿದೆ. ಸೈಕಲ್ ನೋಡಲು ಅಟೆಸ್ಟೇಶನ್ ಮಾಡಿಸಿದ ಮದುವೆ ಪತ್ರ ಕೊಟ್ಟವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಅತ್ತಲಿಂದ ಉತ್ತರ ಬಂತು: "ನಿಮ್ಮ ತಾಳ್ಮೆಗೆ ಧನ್ಯವಾದಗಳು." ನನಗೆ ತಾಳ್ಮೆ ಇದೆಯೆಂದು ಇವನಿಗೆ ಯಾರು ಹೇಳಿದ್ದು? ಆಮೇಲೆ ಅವನು ವಿವರಿಸಿದ. ಮೇಡಂ, ಮದುವೆಗೆ ಅಭಿನಂದನೆಗಳು. ಆದರೆ ಮನೆ ಅಂದರೆ ಒಂದೇ ವೈಫೈ ಬಳಸುವವರು. ಪತಿಯವರ ಫೋನು ತಿಂಗಳಿಗೊಮ್ಮೆ ನಿಮ್ಮ ಮನೆಯ ವೈಫೈಗೆ ಸೇರಿದರೆ ಅದನ್ನು ನಿಮ್ಮ ಮನೆಯದ್ದೇ ಎಂದು ಪರಿಗಣಿಸುತ್ತೇವೆ.

ಹದಿನಾಲ್ಕು ವರ್ಷದ ಹಿಂದಿನ ಮದುವೆಗೆ ಅಭಿನಂದನೆ! ಪಾದ್ರಿ ಕೂಡಿಸಿದ್ದು, ಮೂರು ಸರ್ಕಾರ ಒಪ್ಪಿದ್ದು, ಈಗ ಸೋಫಾದ ಹಿಂದೆ ಧೂಳು ತಿನ್ನುತ್ತಾ ಮಿಣುಕುವ ಆ ವೈಫೈ ಪೆಟ್ಟಿಗೆ ಒಪ್ಪುವುದಿಲ್ಲ ಅಂದರೆ ಹೇಗೆ? ಈಸ್ಟರಿಗೆ ಬಂದು ಹೋದ ಮೇಲೆ ಅವರು ಮಲಾಜ್‌ಗೆ ಬಂದಿರಲಿಲ್ಲ. ಮುಂದಿನ ರಜೆ ಆಗಸ್ಟಿನಲ್ಲಿ. ಅಷ್ಟರಲ್ಲಿ ಓಟ ಮುಗಿದು ಸವಾರರು ಅವರವರ ಮನೆ ಸೇರಿರುತ್ತಾರೆ.

ನಾಲ್ಕು ದಿನ ಓಟವಿಲ್ಲದೆ ಮಾತಾಡಿದೆವು. ನಾನು ಒಬ್ಬಳೇ ನೋಡಿ ಅವರಿಗೆ ವರದಿ ಹೇಳಲು ಪ್ರಯತ್ನಿಸಿದೆ. "ಈಗ ತಿರುಗಿದ್ರು. ಈಗ ಸೂರ್ಯಕಾಂತಿ ಹೊಲ ಬಂತು." ಅವರು "ಹ್ಞೂಂ" ಎನ್ನುತ್ತಿದ್ದರು. ಎರಡನೇ ದಿನ ಹತ್ತು ನಿಮಿಷಕ್ಕೆ "ನೀನು ನೋಡು, ನಾನು ಮಲಗ್ತೇನೆ" ಎಂದರು. ಮೂರನೇ ದಿನ ಬಿಸಿಲಿನ ಸುದ್ದಿ. ನಾಲ್ಕನೇ ದಿನ ಅದೂ ಇಲ್ಲ. ಫೋನಿಟ್ಟ ಮೇಲೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಆಗ ಉಪಾಯ ಹೊಳೆದದ್ದು ಅವರಿಗೆ. "ಫೋನು ನಿನ್ನ ವೈಫೈಗೆ ಬಂದ್ರೆ ಸಾಕಲ್ವಾ? ಕಳಿಸ್ತೇನೆ."

ಇದೂ ನಮ್ಮವರ ರೋಗವೇ. ನಾವು ಯಾವ ವಸ್ತುವನ್ನೂ ಅಂಚೆಗೆ ಕೊಡುವುದಿಲ್ಲ. ಯಾರಾದರೂ ಹೋಗುವವರ ಕೈಯಲ್ಲಿ ಕಳಿಸುತ್ತೇವೆ. ಒಣಮೀನು, ಕುಚ್ಚಲಕ್ಕಿ, ಕನ್ನಡಕ, ಒಮ್ಮೆ ನಮ್ಮ ಕಟ್ಟಡದವರೊಬ್ಬರ ಹಲ್ಲಿನ ಸೆಟ್ಟು ಸಹ ಹಾಗೆ ಬಂದಿತ್ತು. ಅವರ ತೋಟದ ಆಲೂಗಡ್ಡೆ ಲಾರಿ ಪ್ರತಿ ಗುರುವಾರ ರಾತ್ರಿ ಹೊರಟು, ಉನೈಜಾದಲ್ಲಿ ಖರ್ಜೂರ ಹೇರಿಕೊಂಡು, ಶುಕ್ರವಾರ ಬೆಳಿಗ್ಗೆ ರಿಯಾದಿನ ಮಾರುಕಟ್ಟೆಗೆ ಬರುತ್ತದೆ. ಓಡಿಸುವವರು ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ. ಅದೇ ಸಂಜೆ ವಾಪಸು. ಗಂಡ ತಮ್ಮ ಫೋನನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಖಾಲಿ ಬಿಸ್ಕಿಟ್ ಡಬ್ಬಿಯಲ್ಲಿಟ್ಟು ಅವರ ಕೈಗೆ ಕೊಟ್ಟರು. ಎರಡು ದಿನ ಅವರ ಕೈಯಲ್ಲಿ ಫೋನಿಲ್ಲ, ಆದ್ದರಿಂದ ನಮ್ಮ ನಡುವೆ ಮಾತೂ ಇಲ್ಲ. ಮಾತಾಡುವ ಸಲುವಾಗಿ ಮಾತು ಬಿಟ್ಟಿದ್ದೆವು. ಊರಿಗೊಂದು ದಾರಿಯಾದರೆ ನಮಗೊಂದು ದಾರಿ.

ಶುಕ್ರವಾರ ಬೆಳಿಗ್ಗೆ ಡಬ್ಬಿ ಬಂತು. ಡ್ರೈವರು ಕೆಳಗೆ ಚಹಾ ಅಂಗಡಿಯಲ್ಲಿ ಕೂತರು. ನಾನು ಮೇಲೆ ಬಂದು ಫೋನನ್ನು ಮೇಜಿನ ಮೇಲಿಟ್ಟು ವೈಫೈಗೆ ಸೇರಿಸಿದೆ. ಆ್ಯಪ್ ಒಂದು ಕ್ಷಣ ಯೋಚಿಸಿ, "ಮನೆಗೆ ಸ್ವಾಗತ" ಎಂದಿತು. ಮನೆಗೆ ಬಂದವರಿಗೆ ನೀರು ಕೊಡುವುದು ವಾಡಿಕೆ. ಫೋನಿಗೆ ಏನು ಕೊಡಲಿ? ಚಾರ್ಜಿಗೆ ಹಾಕಿದೆ. ಅದರ ಗಾಜಿನ ಮೇಲೆ ಗ್ರೀಸಿನ ಹೆಬ್ಬೆರಳ ಗುರುತಿತ್ತು. ಅದನ್ನು ಒರೆಸಲು ಮನಸ್ಸಾಗದೆ ಹಾಗೇ ಬಿಟ್ಟು, ತಿರುಗಿ ಬೈರಾಸಿನಲ್ಲಿ ಸುತ್ತಿ ಕೆಳಗೆ ತಂದೆ.

"ಅಕ್ಕಾ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ," ಎಂದರು ಡ್ರೈವರು. "ಇದು ರಿಪೇರಿಗೆ ಬಂದದ್ದಾ?"

"ಅಲ್ಲ, ವೈಫೈ ತಾಗಿಸ್ಲಿಕ್ಕೆ," ಎಂದು ಇಡೀ ಕಥೆ ಹೇಳಿದೆ.

ಅವರು ಚಹಾ ಗ್ಲಾಸು ಕೆಳಗಿಟ್ಟರು. "ಅಲ್ಲ ಮಾರಾಯ್ರೆ, ನನ್ನ ಪಕ್ಕದ ಸೀಟು ಪ್ರತಿ ವಾರ ಖಾಲಿ ಬರ್ತದೆ. ಶುಕ್ರವಾರ ಅವ್ರಿಗೂ ರಜೆ. ಫೋನನ್ನು ಕೂರಿಸ್ಕೊಂಡು ಬರುವ ಬದ್ಲು ಅವ್ರನ್ನೇ ಕೂರಿಸ್ಕೊಂಡು ಬರ್ಬಹುದಿತ್ತಲ್ವಾ? ನೀವಿಬ್ರೂ ಒಮ್ಮೆಯೂ ಕೇಳ್ಲಿಲ್ಲ."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ. ಡಬ್ಬಿ, ಚೀಲ, ಫೋನು ಕಳಿಸಲು ಲಾರಿ ನೆನಪಾಗುತ್ತದೆ, ಗಂಡನನ್ನು ಕಳಿಸಲು ಮಾತ್ರ ಬಸ್ಸು, ರಜೆ, ಅರ್ಜಿ! ನಮ್ಮ ಬುದ್ಧಿಗೆ ಬೆಂಕಿ ಹಾಕ. ಚಹಾ ಅಂಗಡಿಯ ಎದುರೇ ನಿಂತು ಜೋರಾಗಿ ನಕ್ಕೆ.

ಮರುವಾರ ಬೈರಾಸು ಹೆಗಲಿಗೆ ಹಾಕಿಕೊಂಡು, ಅರ್ಧ ಮೂಟೆ ಆಲೂಗಡ್ಡೆ ಹೊತ್ತುಕೊಂಡು ಅವರೇ ಬಂದರು. ಮೆಟ್ಟಿಲು ಹತ್ತಿ ಬರುವಾಗ ಏದುಸಿರು. "ಎಂತ ಇದು, ಮೂರು ಮಾಳಿಗೆಗೇ ಹೀಗಾ? ಓಟ ಗೆದ್ದವರು ಅಂತೆ!" ಎಂದು ಗೇಲಿ ಮಾಡಿದೆ. ಸ್ನಾನ, ಬಂಗುಡೆ ಸಾರು, ಊಟ, ಒಂದು ನಿದ್ದೆ. ಮಧ್ಯಾಹ್ನ ಓಟ ಶುರುವಾಯಿತು. ಆ ದಿನ ಬೆಟ್ಟದ ಹಂತ, ಇಡೀ ಮೂರು ವಾರದಲ್ಲಿ ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ದಿನ. ಅವರು ಸೋಫಾದಲ್ಲಿ ಕೂತು ಟೀಪಾಯಿಯ ಮೇಲೆ ಕಾಲು ಚಾಚಿದರು. ನಾನು ಪಕ್ಕದಲ್ಲಿ ಬೀನ್ಸಿನ ನಾರು ತೆಗೆಯುತ್ತಾ ಕೂತೆ.

"ನೋಡು, ನೋಡು, ಬಾಟ್ಲಿಯವ ಬಂದ!"

ನಾನು ನೋಡಲಿಲ್ಲ. ಅವರ ಕಾಲು ನೋಡುತ್ತಿದ್ದೆ. ಬೆಳಿಗ್ಗೆಯೇ ಕಾಲುಚೀಲ ಬಿಚ್ಚಿದ್ದರು, ಆದರೆ ಅದರ ಅಂಚಿನ ಗುರುತು ಇನ್ನೂ ಬಳೆ ತೊಡಿಸಿದಂತೆ ಕೂತಿತ್ತು. ಹರಡಿನ ಮೂಳೆ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಬೀನ್ಸು ಬದಿಗಿಟ್ಟು ಹೆಬ್ಬೆರಳಿನಿಂದ ಒತ್ತಿದೆ.

"ಕಚಗುಳಿ ಇಡ್ಬೇಡ ಮಾರಾಯ್ತಿ."

ಬೆರಳು ತೆಗೆದೆ. ಒತ್ತಿದಲ್ಲಿ ಗುಳಿ ಬಿದ್ದದ್ದು ಹಾಗೇ ಉಳಿಯಿತು, ತುಂಬಲಿಲ್ಲ. ಇಂಥ ಕಾಲುಗಳನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಬಿ.ಪಿ. ಮಷೀನು ತಂದು ತೋಳಿಗೆ ಕಟ್ಟಿದೆ. ಬಂದ ಅಂಕಿಯನ್ನು ನಂಬದೆ ಇನ್ನೊಮ್ಮೆ ಕಟ್ಟಿದೆ. ಎರಡನೆಯದು ಇನ್ನೂ ಹೆಚ್ಚು. ರಿಮೋಟು ತೆಗೆದು ಟಿ.ವಿ. ಆರಿಸಿದೆ.

"ಅಯ್ಯೋ! ಎಂತ ಮಾಡಿದ್ದು? ಇನ್ನು ಆರೇ ಕಿಲೋಮೀಟರ್ ಇರುದು!"

"ಚಪ್ಪಲಿ ಹಾಕಿ."

"ಮುಗಿಯಲಿ, ಆಮೇಲೆ ಹೋಗುವಾ."

"ಚಪ್ಪಲಿ ಹಾಕ್ತೀರಾ ಇಲ್ಲ ನಾನು ಹಾಕ್ಲಾ? ಯಲ್ಲಾ, ಹೊರಡಿ!"

ನನ್ನದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವರಿಗೆ ಮಾತ್ರೆ ಕೊಟ್ಟು ಮಲಗಿಸಿದರು. ರಕ್ತ ಪರೀಕ್ಷೆ ಆಯಿತು. ಒತ್ತಡ ಬಹಳ ಏರಿದೆ, ಮೂತ್ರಪಿಂಡಗಳು ಆಗಲೇ ದೂರು ಹೇಳಲು ಶುರುಮಾಡಿವೆ, ಸರಿಯಾದ ಹೊತ್ತಿಗೆ ತಂದಿರಿ, ಮಾತ್ರೆ ತಪ್ಪಿಸದಿದ್ದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಲಾರಿ ಅವರಿಲ್ಲದೆ ಹಾಯಿಲ್‌ಗೆ ಹೋಯಿತು. ಡಾಕ್ಟರು ಅತ್ತ ಹೋದದ್ದೇ ನಾನು ಹಾಸಿಗೆಯ ಪಕ್ಕ ನಿಂತು ಶುರುಮಾಡಿದೆ.

"ಯಾವಾಗಿಂದ ಹೀಗೆ?"

"ಎರಡು ತಿಂಗಳಾಯ್ತೇನೋ. ಸಂಜೆಗೆ ಬೂಟು ಬಿಚ್ಚುದು ಸ್ವಲ್ಪ ಕಷ್ಟ ಆಗ್ತಿತ್ತು. ತಲೆಯೂ ನೋಯ್ತಿತ್ತು."

"ಎರಡು ತಿಂಗಳು! ಇಟಲಿ ಓಟದಲ್ಲಿ ದಿನಾ ಮೂರು ಗಂಟೆ ಮಾತಾಡಿದ್ದೀರಿ ನನ್ನ ಹತ್ರ. ನಾನು ನರ್ಸು, ಗೊತ್ತುಂಟಲ್ವಾ ನಿಮಗೆ? ಒಂದು ಮಾತು ಹೇಳ್ಲಿಕ್ಕೆ ಬಾಯಿಗೆ ಎಂತ ಆಗಿತ್ತು?"

ಅವರು ತಮ್ಮ ಉಬ್ಬಿದ ಕಾಲನ್ನು ನೋಡಿಕೊಂಡರು. ನಿಜವಾಗಿಯೂ ಉತ್ತರ ಹುಡುಕುತ್ತಿದ್ದರು.

"ಆ ಹೊತ್ತಿಗೆ ನಾವು ಸೈಕಲಿನ ಬಗ್ಗೆ ಅಲ್ವಾ ಮಾತಾಡುದು," ಎಂದರು.

ಆ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನನ್ನ ಕೆಳಗೆ ಕೆಲಸ ಮಾಡುವ ಹುಡುಗಿಯರೆಲ್ಲ ನೋಡುತ್ತಿರುವಾಗ ನಾನು ಅಲ್ಲೇ ನಿಂತು ಗೊಳೋ ಎಂದು ಅತ್ತೆ. ಹಾಯಿಲ್‌ನಲ್ಲಿರುವ ನಮ್ಮದೇ ಆಸ್ಪತ್ರೆಯ ಶಾಖೆಗೆ ಹೋದರೆ ಈ ಸೀನಿಯರ್ ಕುರ್ಚಿ ಹೋಗುತ್ತದೆ, ಮತ್ತೆ ರಾತ್ರಿ ಪಾಳಿಯಿಂದ ಶುರು ಎಂಬ ಲೆಕ್ಕ ಹಾಕಿಯೇ ಎಂಟು ವರ್ಷ ಸುಮ್ಮನಿದ್ದವಳು ನಾನು. ಭಾನುವಾರ ಬೆಳಿಗ್ಗೆ ನರ್ಸಿಂಗ್ ಆಫೀಸಿಗೆ ಹೋಗಿ ಅಲ್ಲಿಗೆ ವರ್ಗ ಬೇಕೆಂದು ಅರ್ಜಿ ಬರೆದುಕೊಟ್ಟೆ.